ಕೊಲಂಬಸ್‌ಗೆ ಬರುವ ಮುಂಚೆ ಊಟದ ವಿಚಾರ

"ಅಕ್ಕ, ಅಮೆರಿಕದವರ ಊಟ ಅಂದ್ರೆ ಬರ್ಗರ್, ಪಿಜ್ಜಾ ಇಷ್ಟೇನಾ? ಅವರದ್ದೇ ಅನ್ನೋ ಅಡುಗೆ ಯಾವುದು? ಮಾಂಸ ತಿನ್ನದ ನಮ್ಮಂಥವರು ಏನು ತಿನ್ನೋದು? ಕುಕ್ಕರ್ ತರಲಾ? ತಿಂಗಳಿಗೆ ಎಷ್ಟು ಖರ್ಚಾಗುತ್ತೆ?" ಅಂತ ಒಂದೇ ಉಸಿರಿಗೆ ಕೇಳಿದ್ದೀಯ. ನಾನು ದಾವಣಗೆರೆ ಬಿಟ್ಟು ಓಹಾಯೋ ರಾಜ್ಯದ ಈ ಕೊಲಂಬಸ್‌ಗೆ ಓದೋಕೆ ಬಂದಾಗ ಹೀಗೆ ಕೇಳಲು ಯಾರೂ ಇರಲಿಲ್ಲ. ಮೊದಲ ವಾರವೆಲ್ಲ ಬ್ರೆಡ್ಡು, ಬಾಳೆಹಣ್ಣು, ಹಾಲಿನಲ್ಲೇ ಕಳೆಯಿತು.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸ್ತೀನಿ. ಕುಕ್ಕರ್ ತಾ, ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ಅಕ್ಕಿ ಬೇಳೆ ಹೊತ್ತು ತರಬೇಡ, ಇಲ್ಲೇ ಸಿಗುತ್ತೆ. ಹಸಿ ಕರಿಬೇವು ಬೇಡವೇ ಬೇಡ, ಏರ್‌ಪೋರ್ಟ್‌ನಲ್ಲೇ ಕಿತ್ಕೋತಾರೆ. ತಿನ್ನೋ ಪದಾರ್ಥ ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ "ಇದೆ" ಅಂತ ಹೇಳಿಬಿಡು, ಮುಚ್ಚಿಟ್ಟರೆ ದಂಡ. ಖರ್ಚು ನಿನ್ನ ಕೈಯಲ್ಲೇ ಇದೆ. ಮನೆಯಲ್ಲಿ ಒಲೆ ಹಚ್ಚಿದರೆ ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ.

ಇನ್ನು ಅಮೆರಿಕದ ಊಟ. ಯಾರನ್ನು ಕೇಳಿದರೂ ಬರ್ಗರ್, ಹಾಟ್ ಡಾಗ್, ಆಪಲ್ ಪೈ ಅಂತಾರೆ. ಜುಲೈ 4ರಂದು, ಇವರ ಸ್ವಾತಂತ್ರ್ಯ ದಿನ, ಪ್ರತಿ ಹಿತ್ತಲಲ್ಲೂ ಅದೇ ಹೊಗೆ. ಆದರೆ ಹಾಟ್ ಡಾಗ್ ಜರ್ಮನಿಯಿಂದ ವಲಸೆ ಬಂದವರು ತಂದದ್ದು. ಸೇಬಿನ ಪೈ ಇಂಗ್ಲೆಂಡಿನದು, ತಿನ್ನೋ ಸೇಬೂ ಯುರೋಪಿನಿಂದ ಹಡಗಿನಲ್ಲಿ ಬಂದದ್ದು. ಇಲ್ಲಿಂದ ಎರಡು ಗಂಟೆ ದಾರಿಯ ಸಿನ್ಸಿನಾಟಿಯಲ್ಲಿ ಸ್ಪಗೆಟಿ ಶಾವಿಗೆ ಮೇಲೆ ದಾಲ್ಚಿನ್ನಿ ಹಾಕಿದ, ಚಿಲಿ ಅನ್ನೋ ಮಾಂಸದ ಗೊಜ್ಜು ಸುರಿದು, ಅದರ ಮೇಲೆ ಗುಡ್ಡದಷ್ಟು ಚೀಸ್ ತುರಿದು ಕೊಡುತ್ತಾರೆ. ಅದನ್ನು 1922ರಲ್ಲಿ ಶುರು ಮಾಡಿದವರು ಮ್ಯಾಸಿಡೋನಿಯಾದಿಂದ ಬಂದ ಅಣ್ಣತಮ್ಮಂದಿರು. ಈಗ ಅದು ಊರಿನ ಹೆಮ್ಮೆ. ಹೊರಗಿನವರು ತಂದದ್ದನ್ನೂ ತಮ್ಮದೇ ಮಾಡಿಕೊಳ್ಳುವ ಜನ ಇವರು, ನನಗೆ ಇವರಲ್ಲಿ ಹಿಡಿಸಿದ್ದೂ ಅದೇ.

ನಿಜವಾಗಿ ಈ ಮಣ್ಣಿನದು ಅಂದರೆ ಮೆಕ್ಕೆಜೋಳ, ಸಿಹಿಗುಂಬಳ, ಬೀನ್ಸ್, ಕ್ರ್ಯಾನ್‌ಬೆರಿ, ಟರ್ಕಿ ಕೋಳಿ, ಮೇಪಲ್ ಮರದ ಪಾಕ. ಯುರೋಪಿನವರು ಬರುವ ಮುಂಚೆಯೇ ಮೂಲನಿವಾಸಿಗಳು ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತೆ, ಕುಂಬಳದ ಎಲೆ ನೆಲಕ್ಕೆ ನೆರಳು. ಸುಗ್ಗಿಯಲ್ಲಿ ನಮ್ಮೂರ ಸುತ್ತ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರಲ್ಲ, ಅದರ ತವರು ಈ ಖಂಡವೇ. ಮಿರ್ಚಿ ಮಂಡಕ್ಕಿಯ ಮಿರ್ಚಿ, ಪಲ್ಯದ ಆಲೂಗಡ್ಡೆ, ಸಾರಿನ ಟೊಮೆಟೊ ಕೂಡ ಉತ್ತರ, ದಕ್ಷಿಣ ಅಮೆರಿಕದ ಕಡೆಯಿಂದಲೇ ಬಂದವು. ಹಾಗಾಗಿ ತೀರಾ ಪರದೇಶಕ್ಕೆ ಬಂದೆ ಅಂತ ಅಂಜಬೇಡ. ದಕ್ಷಿಣದ ರಾಜ್ಯಗಳಲ್ಲಿ ಬೆಳಗ್ಗೆ ಗ್ರಿಟ್ಸ್ ಅಂತ ಮೆಕ್ಕೆಜೋಳದ ನುಚ್ಚು ಬೇಯಿಸಿ ತಿನ್ನುತ್ತಾರೆ, ನಮ್ಮ ಜೋಳದ ನುಚ್ಚಿನ ಹಾಗೇ ಇರುತ್ತೆ. ಮಜ್ಜಿಗೆ ಬದಲು ಬೆಣ್ಣೆ, ಅಷ್ಟೇ.

ಮೋಸ ಇರೋದು ಕಣ್ಣಿಗೆ ಕಾಣದ ಕಡೆ. ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತೆ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಪೈ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ. ತರಕಾರಿ ಸೂಪ್ ಅಂದರೂ ಕೋಳಿ ಕುದಿಸಿದ ನೀರು ಇರಬಹುದು. ಇಲ್ಲಿ ಮೆಕ್‌ಡೊನಾಲ್ಡ್ಸ್‌ನ ಆಲೂಗಡ್ಡೆ ಫ್ರೈಗೂ ದನದ ಮಾಂಸದ ಫ್ಲೇವರ್ ಸೇರುತ್ತೆ. ಇದರ ಮೇಲೆ 2001ರಲ್ಲಿ ಕೇಸು ಬಿತ್ತು. ಮರುವರ್ಷ ಕಂಪನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಫ್ಲೇವರ್ ಹಾಕೋದು ಮಾತ್ರ ನಿಲ್ಲಿಸಿಲ್ಲ. ಅದಕ್ಕೇ "ಇದು ವೆಜ್ಜಾ?" ಅಂತ ಕೇಳಿ ಸುಮ್ನಾಗಬೇಡ. "ಇದರಲ್ಲಿ ಏನೇನಿದೆ?" ಅಂತ ಕೇಳು.

ಕೇಳೋದು ನಮಗೆ ಕಷ್ಟ, ಅಲ್ವಾ? ಕರೆದವರ ಮನೆಯಲ್ಲಿ ಎಲೆ ಮುಂದೆ ಕೂತು ಇದಕ್ಕೇನು ಹಾಕಿದ್ದೀರಿ ಅಂತ ಕೇಳಿದರೆ ಅಮ್ಮ ಮನೆಗೆ ಬಂದ ಮೇಲೆ ಬೈತಾಳೆ. ಇಲ್ಲಿ ಕೇಳದೇ ಇದ್ದರೇ ತೊಂದರೆ. ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅನ್ನೋ ಇವರ ದೊಡ್ಡ ಹಬ್ಬ. ನನ್ನ ಜೊತೆ ಓದುತ್ತಿದ್ದ ಹುಡುಗಿ ಆ ದಿನ ಹಳ್ಳಿಯ ತನ್ನ ಮನೆಗೆ ಕರೆದಿದ್ದಳು. ಮುಂಚೆಯೇ ಅವಳ ತಾಯಿ ಫೋನ್ ಮಾಡಿ, ನೀನು ಏನು ತಿನ್ನಲ್ಲ ಹೇಳು ಅಂದರು. ನಾವು ಏನು ಹೇಳ್ತೀವಿ? "ಅಯ್ಯೋ, ನನಗೋಸ್ಕರ ತೊಂದರೆ ತಗೋಬೇಡಿ, ಏನಿದ್ದರೂ ನಡೆಯುತ್ತೆ." ಅವರು ಅದನ್ನೇ ನಂಬಿದರು.

ಮೇಜಿನ ತುಂಬ ಊಟ. ನಡುವೆ ಟರ್ಕಿ. ಸ್ಟಫಿಂಗ್ ಅಂದರೆ ಒಣ ಬ್ರೆಡ್ಡು, ಈರುಳ್ಳಿ, ಸೆಲರಿ. ಅದು ಆ ಹಕ್ಕಿಯ ಹೊಟ್ಟೆಯಲ್ಲೇ ಬೆಂದದ್ದು. ಹಿಸುಕಿದ ಆಲೂಗಡ್ಡೆ ಮೇಲೆ ಟರ್ಕಿಯಿಂದ ಸೋರಿದ ರಸದ ಗ್ರೇವಿ ಆಗಲೇ ಸುರಿದಾಗಿತ್ತು. ಓವನ್ನಿನಲ್ಲಿ ಬೇಯಿಸಿದ ಹುರುಳಿಕಾಯಿ ಕ್ಯಾಸರೋಲ್ ಇತ್ತು. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಡಾರ್ಕಸ್ ರೈಲಿ ಎಂಬಾಕೆ ಅಣಬೆ ಸೂಪಿನ ಡಬ್ಬಿ ಖರ್ಚಾಗಲಿ ಅಂತ ಹುಟ್ಟಿಸಿದ ಅಡುಗೆ ಅದು, ಈಗ ಇವರ ಹಬ್ಬಕ್ಕೆ ಅದಿಲ್ಲದೆ ಆಗಲ್ಲ. ಅದಕ್ಕೂ ಈ ಮನೆಯಲ್ಲಿ ಬೇಕನ್, ಅಂದರೆ ಹಂದಿ ಮಾಂಸದ ಚೂರು, ಉದುರಿಸಿದ್ದರು. ನನ್ನ ತಟ್ಟೆಯಲ್ಲಿ ಒಂದು ಬನ್ನು, ಒಂದು ಚಮಚ ಕ್ರ್ಯಾನ್‌ಬೆರಿ ಗೊಜ್ಜು. ಹುಡುಗಿಯ ತಾಯಿ ನೋಡಿದರು. ಏನೂ ಅನ್ನದೆ ಎದ್ದು ಹೋಗಿ, ಬಾಣಲಿ ಇಟ್ಟು, ಬೆಣ್ಣೆ ಹಾಕಿ ನನಗೊಂದು ಚೀಸ್ ಸ್ಯಾಂಡ್‌ವಿಚ್ ಬೇಯಿಸಿದರು. ಬೆಳಗಿನಿಂದ ಒಲೆ ಮುಂದೆ ನಿಂತಿದ್ದ ಹೆಂಗಸು. ಅವರ ತಟ್ಟೆ ಅಲ್ಲೇ ಆರುತ್ತಿತ್ತು.

ಮುಂದಿನ ವರ್ಷ ಎಲ್ಲಾ ಬಿಡಿಸಿ ಹೇಳಿದೆ. ಆಕೆ ಖುಷಿಯಾಗಿ ಕಾಗದದಲ್ಲಿ ಬರೆದುಕೊಂಡರಂತೆ. ನನಗೆಂದೇ ಬರೀ ಬೆಣ್ಣೆಯ ಹಿಟ್ಟಿನಲ್ಲಿ ಕುಂಬಳದ ಪೈ ಮಾಡಿ, ಗುರುತಿಗೆ ಟೂತ್‌ಪಿಕ್ ಚುಚ್ಚಿದ್ದರು. ನಿಮ್ಮ ಹಬ್ಬಕ್ಕೆ ಏನು ಮಾಡ್ತೀರಿ ಅಂತ ಕೇಳಿದಾಗ ಹೋಳಿಗೆ ಅಂದೆ, ಒಂದು ದಿನ ಮಾಡಿ ಬಡಿಸ್ತೀನಿ ಅಂದೆ. ಮನೆ ಚಿಕ್ಕದು, ಪರೀಕ್ಷೆ, ಆಮೇಲೆ ಕೆಲಸ. ಈಗ ಮನೆ ದೊಡ್ಡದಿದೆ, ಆಕೆ ಇಲ್ಲ. ಯುಗಾದಿಗೆ ಹೂರಣ ರುಬ್ಬುವಾಗ ಈ ಸಂಕಟ ತಪ್ಪಲ್ಲ.

ನೀನು ಇಳಿಯೋದು ಆಗಸ್ಟ್‌ನಲ್ಲಿ, ಒಳ್ಳೇ ಕಾಲ. ರಸ್ತೆ ಬದಿಯಲ್ಲಿ ಬೆಳಗ್ಗೆ ಮುರಿದ ಸಿಹಿ ಜೋಳ ಮಾರುತ್ತಿರುತ್ತಾರೆ. ಹೆಚ್ಚು ಬೇಯಿಸಬೇಡ, ಕುದಿಯುವ ನೀರಿಗೆ ಹಾಕಿ ತೆಗೆ ಸಾಕು. ಬಕ್‌ಐ ಅಂತ ಒಂದು ಮಿಠಾಯಿ ಸಿಗುತ್ತೆ, ಶೇಂಗಾ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಅದ್ದಿದ್ದು. ಓಹಾಯೋದವರ ಪ್ರಾಣ ಅದು, ಫುಟ್‌ಬಾಲ್ ಮ್ಯಾಚ್ ಇರುವ ಶನಿವಾರ ಯಾರಾದರೂ ಕೊಟ್ಟೇ ಕೊಡ್ತಾರೆ. ಸೆಮಿಸ್ಟರ್ ಶುರುವಾದ ತಿಂಗಳಲ್ಲೇ ರೂಮಿನವರನ್ನು ಊಟಕ್ಕೆ ಕರೆ, ಚಿತ್ರಾನ್ನ ಆದರೂ ಪರವಾಗಿಲ್ಲ. ಸೂಟ್‌ಕೇಸಿನಲ್ಲಿ ಜಾಗ ಮಿಕ್ಕರೆ ಶೇಂಗಾ ಚಟ್ನಿಪುಡಿ ತುಂಬ್ಕೊಂಡು ಬಾ, ಅರ್ಧ ನನಗೆ.