ಧಾರ್ಮಿಕ ತಾರತಮ್ಯದ ಮೇಲೆ ಅಂತರರಾಷ್ಟ್ರೀಯ ನಿಗಾ ಇಡುವುದರಿಂದ ಪ್ರಯೋಜನವಿದೆಯೇ?

ಧರ್ಮದ ಕಾರಣಕ್ಕೆ ನಡೆಯುವ ತಾರತಮ್ಯದ ಬಗ್ಗೆ ವಿಶ್ವಸಂಸ್ಥೆ ಪ್ರತಿವರ್ಷ ವರದಿ ಹೊರಡಿಸುತ್ತದೆ, ಆದರೆ ಯಾವ ಸರ್ಕಾರವನ್ನೂ ದಂಡಿಸುವ ಶಕ್ತಿ ಅದಕ್ಕಿಲ್ಲದಿರುವಾಗ ಆ ವರದಿಗಳಿಂದ ಯಾರಿಗೆ ಏನು ಉಪಯೋಗ ಎಂದು ನೀವು ಕೇಳಿದ್ದೀರಿ. ಉಪಯೋಗವಿದೆ, ಆದರೆ ಅದು ಕೈಗೆಟಕಲು ಬಹಳ ಕಾಲ ಹಿಡಿಯುತ್ತದೆ ಎಂಬುದು ನನ್ನ ಉತ್ತರ.

ಧಾರ್ಮಿಕ ಅಸಹಿಷ್ಣುತೆ ಮತ್ತು ತಾರತಮ್ಯವನ್ನು ತೊಡೆದುಹಾಕುವ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ 1981ರ ನವೆಂಬರ್‌ನಲ್ಲಿ ಅಂಗೀಕರಿಸಿತು. ಅದರ ಪಾಲನೆಯನ್ನು ಗಮನಿಸಲು 1986ರಲ್ಲಿ ವಿಶೇಷ ವರದಿಗಾರರೊಬ್ಬರನ್ನು ನೇಮಿಸುವ ಪದ್ಧತಿ ಆರಂಭವಾಯಿತು. ಈ ಹುದ್ದೆಗೆ ಸಂಬಳವಿಲ್ಲ, ಮತ್ತು ಸರ್ಕಾರ ಆಹ್ವಾನಿಸದೆ ಯಾವ ದೇಶಕ್ಕೂ ಅಧಿಕೃತ ಭೇಟಿ ನೀಡುವಂತಿಲ್ಲ. ಎಲ್ಲಾದರೂ ಪ್ರಾರ್ಥನಾ ಮಂದಿರ ಒಡೆದ, ಮತಾಂತರವಾದವರನ್ನು ಬಂಧಿಸಿದ ಅಥವಾ ದೇವರನ್ನು ನಂಬದವರನ್ನು ಹಿಂಸಿಸಿದ ದೂರು ಬಂದರೆ, ವರದಿಗಾರರು ಅದನ್ನು ಪರಿಶೀಲಿಸಿ ಸಂಬಂಧಪಟ್ಟ ಸರ್ಕಾರಕ್ಕೆ ಪತ್ರ ಬರೆಯುತ್ತಾರೆ. ಉತ್ತರಕ್ಕೆ ಸಾಮಾನ್ಯವಾಗಿ 60 ದಿನಗಳ ಅವಕಾಶವಿರುತ್ತದೆ. ಅನಂತರ ಪತ್ರವನ್ನೂ ಬಂದ ಉತ್ತರವನ್ನೂ ಬಹಿರಂಗಪಡಿಸುತ್ತಾರೆ.

ಇಷ್ಟರಿಂದ ಏನಾದೀತು ಎಂಬ ಅನುಮಾನ ಸಹಜ. ಆದರೆ ದಕ್ಷಿಣ ಕೊರಿಯಾದಲ್ಲಿ ಏನಾಯಿತೆಂಬುದನ್ನು ಗಮನಿಸಿ. ಅಲ್ಲಿ ಯುವಕರಿಗೆ ಸೈನಿಕ ಸೇವೆ ಕಡ್ಡಾಯ. ಶಸ್ತ್ರ ಹಿಡಿಯುವುದು ತಮ್ಮ ನಂಬಿಕೆಗೆ ವಿರುದ್ಧವೆಂದು ನಿರಾಕರಿಸಿದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಸಾವಿರಾರು ಯುವಕರು ದಶಕಗಳ ಕಾಲ, ಒಬ್ಬರ ಹಿಂದೆ ಒಬ್ಬರಂತೆ, ಜೈಲಿಗೆ ಹೋದರು. ಇತ್ತೀಚಿನ ವರ್ಷಗಳಲ್ಲಿ ಬಹುತೇಕರಿಗೆ ವಿಧಿಸುತ್ತಿದ್ದುದು ಒಂದೂವರೆ ವರ್ಷದ ಸಜೆ. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮತ್ತು ಸಾಂವಿಧಾನಿಕ ನ್ಯಾಯಾಲಯಗಳೆರಡೂ ಅವರ ವಾದವನ್ನು ತಳ್ಳಿಹಾಕಿದವು. ಆಗ ಇಬ್ಬರು ಯುವಕರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಮೊರೆ ಹೋದರು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಮನಸ್ಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಕಾಪಾಡುವ 18ನೇ ವಿಧಿ ಉಲ್ಲಂಘನೆಯಾಗಿದೆ ಎಂದು ಸಮಿತಿ 2006ರಲ್ಲಿ ಹೇಳಿತು. ಸರ್ಕಾರ ಕದಲಲಿಲ್ಲ. ಆದರೆ ದೂರುಗಳೂ ನಿಲ್ಲಲಿಲ್ಲ. 2012ರಲ್ಲಿ ಸಮಿತಿ ಇತ್ಯರ್ಥಪಡಿಸಿದ ಒಂದೇ ಪ್ರಕರಣದಲ್ಲಿ 388 ದೂರುದಾರರಿದ್ದರು. ಕೊನೆಗೆ 2018ರ ಜೂನ್‌ನಲ್ಲಿ ಅದೇ ಸಾಂವಿಧಾನಿಕ ನ್ಯಾಯಾಲಯ, ಪರ್ಯಾಯ ಸೇವೆಗೆ ಅವಕಾಶ ಕೊಡದ ಕಾನೂನು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. 2020ರಲ್ಲಿ ಪರ್ಯಾಯ ಸೇವೆ ಆರಂಭವಾಯಿತು. ಆ ಸೇವೆಯೂ 36 ತಿಂಗಳು, ಅದೂ ಜೈಲುಗಳಲ್ಲೇ ಇದ್ದು ಮಾಡುವಂಥದ್ದು ಎಂಬುದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಈ ಬದಲಾವಣೆಗೆ ಕೊರಿಯಾದ ವಕೀಲರ ಮತ್ತು ಕೆಳ ನ್ಯಾಯಾಲಯಗಳ ನ್ಯಾಯಾಧೀಶರ ಪಾಲೂ ದೊಡ್ಡದು. ಅವರ ಕೈಗೆ ಸಿಕ್ಕ ಗಟ್ಟಿಯಾದ ಆಧಾರಗಳಲ್ಲಿ ಸಮಿತಿಯ ಆ ನಿರ್ಣಯಗಳೂ ಸೇರಿದ್ದವು.

ನಮ್ಮ ದೇಶದ ವಿಷಯಕ್ಕೆ ಬಂದರೆ, ಪಾಕಿಸ್ತಾನದ ವಕೀಲೆ ಆಸ್ಮಾ ಜಹಾಂಗೀರ್ ಅವರು ವಿಶೇಷ ವರದಿಗಾರರಾಗಿದ್ದಾಗ 2008ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಿದ್ದರು. ನೆರೆಯ ದೇಶದ ಪ್ರಜೆಯೊಬ್ಬರು ಬಂದು ನೋಡಿ ಬರೆಯಲು ಭಾರತ ಒಪ್ಪಿದ್ದನ್ನು ನಾನು ಈಗಲೂ ಹೆಮ್ಮೆಯಿಂದ ನೆನೆಯುತ್ತೇನೆ. ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮದಿಂದ ಬೇರ್ಪಡಿಸಬೇಕೆಂಬುದು ಅವರ ಶಿಫಾರಸುಗಳಲ್ಲೊಂದು. ಪರಿಶಿಷ್ಟ ಜಾತಿಗಳನ್ನು ಗುರುತಿಸುವ 1950ರ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಣೆಯಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಕೊರಿಯಾದವರಿಗಿದ್ದ ಒಂದು ದಾರಿ ಮಾತ್ರ ನಮಗಿಲ್ಲ. ಭಾರತ 1979ರಲ್ಲಿ ಒಡಂಬಡಿಕೆಯನ್ನು ಒಪ್ಪಿಕೊಂಡಿದ್ದರೂ ವೈಯಕ್ತಿಕ ದೂರುಗಳಿಗೆ ಅವಕಾಶ ಕೊಡುವ ಐಚ್ಛಿಕ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ, ಇಲ್ಲಿನ ಪ್ರಜೆ ಆ ಸಮಿತಿಗೆ ದೂರು ಒಯ್ಯಲು ಬರುವುದಿಲ್ಲ.

ಅಮೆರಿಕದ ವಿದೇಶಾಂಗ ಇಲಾಖೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸುವ ವರದಿಯನ್ನು ವಿಶ್ವಸಂಸ್ಥೆಯ ವರದಿಗಳೊಂದಿಗೆ ಬೆರೆಸಬೇಡಿ. ಅದು 1998ರ ಅಮೆರಿಕದ ಕಾನೂನಿನಡಿ ಒಂದು ಸರ್ಕಾರ ಉಳಿದ ದೇಶಗಳ ಬಗ್ಗೆ ಬರೆಯುವಂಥದ್ದು. ಮಾಹಿತಿ ಹೇರಳವಾಗಿದ್ದರೂ ತನ್ನ ದೇಶದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಮೆರಿಕದ ಖಾಸಗಿ ಅಧ್ಯಯನ ಸಂಸ್ಥೆಯಾದ ಪ್ಯೂ ಸಂಶೋಧನಾ ಕೇಂದ್ರ 198 ದೇಶ ಮತ್ತು ಪ್ರದೇಶಗಳಲ್ಲಿ ಸರ್ಕಾರದ ನಿರ್ಬಂಧವನ್ನೂ ಸಮಾಜದ ದ್ವೇಷವನ್ನೂ ಬೇರೆಬೇರೆಯಾಗಿ ಅಳೆಯುವುದು ಒಳ್ಳೆಯ ಕ್ರಮ. ಆದರೆ ಹೊರಗಿನವರು ಒಳಹೋಗಿ ನೋಡಲಾಗದ ಉತ್ತರ ಕೊರಿಯಾ ಆ ಪಟ್ಟಿಯಲ್ಲೇ ಇಲ್ಲವೆಂಬುದನ್ನು ನೆನಪಿಟ್ಟುಕೊಂಡು ಆ ಅಂಕಿಗಳನ್ನು ಓದಬೇಕು.

ನಿಮಗೆ ತಿಳಿದ ಪ್ರಕರಣವೇನಾದರೂ ಇದ್ದರೆ ವಿಶೇಷ ವರದಿಗಾರರಿಗೆ ಭಾರತದಿಂದಲೂ ದೂರು ಕಳುಹಿಸಬಹುದು. ಇಲ್ಲಿನ ನ್ಯಾಯಾಲಯಗಳಲ್ಲಿ ಹೋರಾಡಿ ಮುಗಿಸಿರಬೇಕೆಂಬ ಷರತ್ತು ಅದಕ್ಕಿಲ್ಲ. ದಿನಾಂಕ, ಸ್ಥಳ ಮತ್ತು ನಡೆದ ಸಂಗತಿಯನ್ನು ಸ್ಪಷ್ಟವಾಗಿ ಬರೆಯಿರಿ. ನೊಂದವರ ಒಪ್ಪಿಗೆ ಪಡೆಯದೆ ಮಾತ್ರ ಕಳುಹಿಸಬೇಡಿ, ಏಕೆಂದರೆ ಸರ್ಕಾರಕ್ಕೆ ಹೋಗುವ ಪತ್ರದಲ್ಲಿ ಸಾಮಾನ್ಯವಾಗಿ ಅವರ ಹೆಸರೂ ಇರುತ್ತದೆ.