ಬೆರಕೆ ಸೊಪ್ಪಿನ ಮಡಿಗೆ ಯೂರಿಯಾ ಎಷ್ಟು, ಕೊಯ್ಲು ಯಾವಾಗ?

ಪ್ರಶ್ನೆ: ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುತ್ತಿದ್ದ ಗೋಣಿ ಸೊಪ್ಪು, ಹೊನಗೊನ್ನೆ, ಗಣಿಕೆ ಸೊಪ್ಪುಗಳನ್ನು ಈಗ ಹಿತ್ತಲಿನಲ್ಲಿ ಮಡಿ ಮಾಡಿ ಬೆಳೆಯುತ್ತಿದ್ದೇವೆ. ವಾರಕ್ಕೊಮ್ಮೆ ಯೂರಿಯಾ ಹಾಕಿದ ಮೇಲೆ ಎಲೆ ಅಗಲವಾಗಿ ಬರುತ್ತಿದೆಯಾದರೂ ಉಪ್ಸಾರಿಗೆ ಮೊದಲಿನ ರುಚಿ ಇಲ್ಲ. ಗೋಣಿ ಸೊಪ್ಪು ಬೆಳಿಗ್ಗೆ ಕಿತ್ತರೆ ಹುಳಿ, ಸಂಜೆ ಕಿತ್ತರೆ ಸಪ್ಪೆ ಎನ್ನಿಸುವುದು ನಮ್ಮ ಭ್ರಮೆಯೇ?
— ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಭ್ರಮೆಯಲ್ಲ. ನೀರಿನ ಕೊರತೆ ಕಂಡಾಗ ಗೋಣಿ ಸೊಪ್ಪು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದು, ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತದೆ. ಬಿಸಿಲೇರಿದಂತೆ ಆ ಆಮ್ಲ ಖರ್ಚಾಗುವುದರಿಂದ ನಸುಕಿನಲ್ಲಿದ್ದ ಹುಳಿ ಸಂಜೆಗೆ ಇಳಿದಿರುತ್ತದೆ. ದಿನವೂ ನೀರು ಕುಡಿಯುವ ಮಡಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬದುವಿನ ಸೊಪ್ಪಿಗೆ ಇದ್ದ ರುಚಿಯಲ್ಲಿ ಒಂದು ಪಾಲು ಅದು ಒಣಗಿ ಬೆಳೆದುದರ ಫಲವೇ.

ಇನ್ನು ಯೂರಿಯಾದ ಮಾತು. ವಾರಕ್ಕೊಮ್ಮೆ ಖಂಡಿತ ಬೇಡ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು, ನಮ್ಮ ಬೆಚ್ಚಗಿನ ಮಣ್ಣಿನಲ್ಲಿ ಅದು ಬೇಗನೆ ನೈಟ್ರೇಟ್ ಆಗುತ್ತದೆ. ಗಿಡ ಬಳಸಿಕೊಳ್ಳುವುದಕ್ಕಿಂತ ಹೆಚ್ಚು ನೈಟ್ರೇಟ್ ಸಿಕ್ಕರೆ ಅದು ದಂಟು ಮತ್ತು ತೊಟ್ಟುಗಳಲ್ಲಿ ಶೇಖರವಾಗುತ್ತದೆ, ಎಲೆ ನೀರು ತುಂಬಿಕೊಂಡು ಉಬ್ಬುತ್ತದೆ, ಸ್ವಾದ ತೆಳುವಾಗುತ್ತದೆ. ಕಳೆಯಾಗಿ ಬದುಕಿದ ಈ ಗಿಡಗಳು ಸಿಕ್ಕಿದ್ದನ್ನೆಲ್ಲ ಹೀರುವ ಜಾತಿಯವು ಎಂಬುದನ್ನೂ ನೆನಪಿಡಬೇಕು. ನೈಟ್ರೇಟ್ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3.7 ಮಿಲಿಗ್ರಾಂ ಮೀರಬಾರದೆಂಬುದು ಅಂತರರಾಷ್ಟ್ರೀಯ ತಜ್ಞರ ಸಮಿತಿಗಳ ಮಿತಿ. 60 ಕಿಲೋ ತೂಕದವರಿಗೆ ಇದು 222 ಮಿಲಿಗ್ರಾಂ. ಸಾರಜನಕ ಮಿತಿಮೀರಿದ ಸೊಪ್ಪಿನಲ್ಲಿ ಕಿಲೋಗೆ 2,500 ಮಿಲಿಗ್ರಾಂ ಇರುವುದು ಅಪರೂಪವಲ್ಲ, ಅಂದರೆ 100 ಗ್ರಾಂ ಸೊಪ್ಪೇ ಮಿತಿ ದಾಟಿಸಬಲ್ಲದು. ಒಂದೆರಡು ದಿನ ಮಿತಿ ದಾಟಿದರೆ ದೊಡ್ಡವರು ಗಾಬರಿಪಡಬೇಕಾಗಿಲ್ಲ. ಹಸುಗೂಸುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೇಯಿಸಿದ ನೀರನ್ನು ಚೆಲ್ಲಿದರೆ ನೈಟ್ರೇಟ್ ಬಹುಪಾಲು ಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಉಪ್ಸಾರಿಗೆ ಬಸಿದ ಕಟ್ಟೇ ಜೀವಾಳವಾಗಿರುವಾಗ ಅದನ್ನು ಚೆಲ್ಲಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಹತೋಟಿ ಮಡಿಯಲ್ಲೇ ಆಗಬೇಕು.

ನಾಟಿಗೆ ಮುಂಚೆ ಒಂದು ಚದರ ಮೀಟರಿಗೆ ಎರಡರಿಂದ ಎರಡೂವರೆ ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಗೋಣಿ ಸೊಪ್ಪಿಗೆ ಬೇರೇನೂ ಬೇಕಿಲ್ಲ. ಹೊನಗೊನ್ನೆ ಮತ್ತೆ ಮತ್ತೆ ಕೊಯ್ಯುವ ಬೆಳೆಯಾದ್ದರಿಂದ, ಪ್ರತಿ ಕೊಯ್ಲಾದ ಕೂಡಲೇ ಚದರ ಮೀಟರಿಗೆ ಐದು ಗ್ರಾಂನಷ್ಟು, ಅಂದರೆ ಸುಮಾರು ಒಂದು ಚಹಾ ಚಮಚ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಬುಡಕ್ಕೆ ಕೊಡಬಹುದು. ಮುಂದಿನ ಕೊಯ್ಲಿಗೆ ಎರಡು ವಾರ ಇರುವಾಗ ಎಲ್ಲ ಮೇಲುಗೊಬ್ಬರವೂ ನಿಲ್ಲಬೇಕು. ಕೋಳಿ ಗೊಬ್ಬರ, ಗಂಜಲಗಳನ್ನು ಧಾರಾಳವಾಗಿ ಸುರಿದರೂ ಇದೇ ತೊಂದರೆ ಬರುತ್ತದೆ; ಸಾವಯವವೆಂಬ ಮಾತ್ರಕ್ಕೆ ಗಿಡ ಲೆಕ್ಕ ಬದಲಿಸುವುದಿಲ್ಲ.

ಕೊಯ್ಲಿನ ಹೊತ್ತು ಇದಕ್ಕೆ ಹೊಂದಿಕೊಂಡೇ ಇದೆ. ಬೆಳಕಿದ್ದಾಗ ಗಿಡ ನೈಟ್ರೇಟನ್ನು ಪ್ರೋಟೀನಾಗಿ ಮಾರ್ಪಡಿಸಿಕೊಳ್ಳುವುದರಿಂದ ಬಿಸಿಲು ಕಂಡ ದಿನದ ಮಧ್ಯಾಹ್ನ ಮೂರು-ನಾಲ್ಕು ಗಂಟೆಯ ಮೇಲೆ ಕಿತ್ತ ಸೊಪ್ಪಿನಲ್ಲಿ ಅದು ಕಡಿಮೆ, ಮೋಡ ಕವಿದ ದಿನದ ಮುಂಜಾನೆ ಹೆಚ್ಚು. ಸಂತೆಗೆ ಒಯ್ಯುವವರು ಬಾಡಬಾರದೆಂದು ಮುಂಜಾನೆಯೇ ಕೀಳುತ್ತಾರೆ. ಮನೆ ಬಳಕೆಗೆ ಆ ಕಟ್ಟುಪಾಡಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ರಾತ್ರಿಯ ಅಡುಗೆಗೆ ಚೆನ್ನಾಗಿಯೇ ಇರುತ್ತದೆ. ಗೋಣಿ ಸೊಪ್ಪಿನ ಹುಳಿಯೇ ಬೇಕೆಂದಾದರೆ ಮಾತ್ರ ಕೆಲವು ದಿನ ನೀರು ನಿಲ್ಲಿಸಿ ನಸುಕಿನಲ್ಲಿ ಕೀಳಿ. ಅದರಲ್ಲಿ ಆಕ್ಸಲೇಟ್ ಸಹಜವಾಗಿಯೇ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಮಿತವಾಗಿ ತಿನ್ನಬೇಕು. ಮೊಸರಿನ ಜೊತೆ ತಿಂದರೆ ಕ್ಯಾಲ್ಸಿಯಂ ಅದರ ಒಂದಷ್ಟು ಭಾಗವನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ.

ಮೂರೂ ಸೊಪ್ಪುಗಳನ್ನು ಹೂ ಬಿಡುವ ಮುನ್ನವೇ ಕೀಳಬೇಕು. ಗೋಣಿ ಸೊಪ್ಪಿನ ಹಳದಿ ಹೂ ಕಂಡರೆ ದಂಟು ನಾರಾಗತೊಡಗಿದೆ ಎಂದೇ ತಿಳಿಯಿರಿ. ಗಣಿಕೆಯ ಮೊಗ್ಗುಗಳನ್ನು ಚಿವುಟುತ್ತಿದ್ದರೆ ಕವಲೊಡೆದು ಇನ್ನಷ್ಟು ದಿನ ಎಳೆ ಎಲೆ ಸಿಗುತ್ತದೆ. ಅದರ ಹಸಿರು ಕಾಯಿಯಲ್ಲಿ ಸೊಲನೈನ್ ಎಂಬ ವಿಷಾಂಶವಿರುವುದರಿಂದ, ಸೊಪ್ಪು ಬಿಡಿಸುವಾಗ ಒಂದು ಕಾಯಿಯೂ ಪಾತ್ರೆಗೆ ಬೀಳದಂತೆ ಆರಿಸಿ ತೆಗೆಯಿರಿ.