ಲ್ಯಾಬ್ ಬಿಟ್ಟು ಪೇಟೆಂಟ್ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ: ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌.ಡಿ. ಮುಗಿಸಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ವಯಸ್ಸು 33. ವಿಜ್ಞಾನ ಓದುವುದು ಈಗಲೂ ಇಷ್ಟ, ಆದರೆ ಲ್ಯಾಬ್ ಕೆಲಸ ಸಾಕಾಗಿದೆ. ಪೇಟೆಂಟ್ ಕ್ಷೇತ್ರಕ್ಕೆ ಹೋಗಲು ಎಲ್‌ಎಲ್‌ಬಿ ಮಾಡಬೇಕಾ? ಓದಿದ್ದೆಲ್ಲ ವ್ಯರ್ಥ ಆಗುತ್ತೆ ಅಂತ ಮನೆಯವರಿಗೆ ಚಿಂತೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಎಲ್‌ಎಲ್‌ಬಿ ಬೇಕಿಲ್ಲ. ನಿಮ್ಮ ಓದು ವ್ಯರ್ಥವೂ ಆಗುವುದಿಲ್ಲ. ಈ ಕೆಲಸ ನಿಂತಿರುವುದೇ ಅದರ ಮೇಲೆ.

ಅರಿಶಿನದ ಪ್ರಕರಣ ಕೇಳಿರುತ್ತೀರಿ. ಅರಿಶಿನದಿಂದ ಗಾಯ ವಾಸಿ ಮಾಡುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಹಳೆಯ ಸಂಸ್ಕೃತ ಗ್ರಂಥಗಳ ಜೊತೆಗೆ 1953ರ ವೈದ್ಯಕೀಯ ಪತ್ರಿಕೆಯೊಂದರ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಇದು ಹೊಸದಲ್ಲ ಎಂದು ತೋರಿಸುವ ಸಾಕ್ಷ್ಯವನ್ನು ಹುಡುಕಿ ತೆಗೆಯುವುದು, ಅದರ ವಿಜ್ಞಾನವನ್ನು ಸರಿಯಾಗಿ ಓದುವುದು ಪೇಟೆಂಟ್ ಕೆಲಸದ ಜೀವಾಳ. ವರ್ಷಗಟ್ಟಲೆ ಸಂಶೋಧನಾ ಪ್ರಬಂಧಗಳನ್ನು ಅನುಮಾನದಿಂದ ಓದಿದ ನಿಮಗೆ ಅದು ಹೊಸದಲ್ಲ ಅಲ್ವಾ?

ಇನ್ನು ನಿಯಮದ ಮಾತು. ಗ್ರಾಹಕರ ಪರವಾಗಿ ಪೇಟೆಂಟ್ ಅರ್ಜಿ ಬರೆದು ನಡೆಸುವವರೇ ಪೇಟೆಂಟ್ ಏಜೆಂಟ್. ಹಾಗೆ ಏಜೆಂಟ್ ಆಗಲು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಆಮೇಲೆ ಪೇಟೆಂಟ್ ಕಚೇರಿಯ ಪರೀಕ್ಷೆ ಪಾಸು ಮಾಡಬೇಕು. ಮೊದಲ ಪತ್ರಿಕೆ ಕಾಯ್ದೆ ಮತ್ತು ನಿಯಮಗಳದ್ದು. ಎರಡನೆಯದರಲ್ಲಿ ಪೇಟೆಂಟ್ ಬರೆದು ತೋರಿಸಬೇಕು. ಜೊತೆಗೆ ವೈವಾ ಇದೆ. ಎರಡೂ ಪತ್ರಿಕೆಯಲ್ಲಿ ಶೇ 50, ಒಟ್ಟಾರೆ ಶೇ 60 ಅಂಕ ಬೇಕು. ವಿಜ್ಞಾನದವರು ಎಡವುವುದು ಜಾಸ್ತಿ ಎರಡನೆಯದರಲ್ಲೇ. ನಾವು ಪ್ರಯೋಗವನ್ನು ವಿವರಿಸಲು ಕಲಿತವರು. ಇಲ್ಲಿ ಆವಿಷ್ಕಾರದ ಮೇಲಿನ ಹಕ್ಕಿನ ಗಡಿ ಗುರುತಿಸಬೇಕು. ಒಂದು ಪದ ಜಾಸ್ತಿ ಸೇರಿದರೂ ಹಕ್ಕು ಕಿರಿದಾಗಬಹುದು.

ಪರೀಕ್ಷೆ ಪ್ರತಿ ವರ್ಷ ನಡೆಯುವುದಿಲ್ಲ. 2018ರ ನಂತರ ನಡೆದದ್ದು 2023ರಲ್ಲಿ! ಹಾಗಾಗಿ ಪಾಸಾದ ಮೇಲೆ ಕೆಲಸ ಹುಡುಕೋಣ ಅಂತ ಸುಮ್ನೆ ಕಾಯಬೇಡಿ. ಪೇಟೆಂಟ್ ಸಂಸ್ಥೆಗಳು ಪಿಎಚ್‌.ಡಿ. ಆದವರನ್ನು ಹುಡುಕಾಟ ಮತ್ತು ಬರವಣಿಗೆಗೆ ಮೊದಲೇ ತೆಗೆದುಕೊಳ್ಳುತ್ತವೆ. ಆದರೆ ಗ್ರಾಹಕರ ಅರ್ಜಿಯನ್ನು ನಿಮ್ಮ ಹೆಸರಿನಲ್ಲಿ ನಡೆಸಲು ಏಜೆಂಟ್ ಆಗಿ ನೋಂದಣಿ ಬೇಕು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಯೋಚಿಸಿ. ಇಡೀ ದಿನ ಕುಳಿತು ಓದಬೇಕು, ಬರೆಯಬೇಕು. ಗಡುವು ತಪ್ಪಿದರೆ ಗ್ರಾಹಕರ ಹಕ್ಕೇ ಹೋಗಬಹುದು. ಲ್ಯಾಬಿನಲ್ಲಿ ಬೇಸರ ತಂದದ್ದು ಪ್ರಯೋಗವೋ, ಒತ್ತಡವೋ? ಒತ್ತಡವಾಗಿದ್ದರೆ ಅದು ಇಲ್ಲೂ ಇದೆ.

ಎಲ್‌ಎಲ್‌ಬಿ ಬೇಕಾಗುವುದು ಕೋರ್ಟಿನಲ್ಲಿ ವಾದಿಸುವ ಆಸೆ ಇದ್ದರೆ. ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಈ ವಾರ ಹೀಗೆ ಮಾಡಿ. ಪೇಟೆಂಟ್ ಕಚೇರಿಯ ಉಚಿತ ಹುಡುಕಾಟ ತಾಣ ಇನ್‌ಪಾಸ್‌ನಲ್ಲಿ ನಿಮ್ಮ ಥೀಸಿಸ್ ವಿಷಯದ ಒಂದು ಪೇಟೆಂಟ್ ತೆಗೆಯಿರಿ. ಅದರಲ್ಲಿ ನಿಜಕ್ಕೂ ಹೊಸದೇನು, ಯಾವುದು ಮೊದಲೇ ಪ್ರಕಟವಾಗಿತ್ತು ಎಂದು ಎರಡು ಪುಟ ಬರೆಯಿರಿ. ಬರೆಯುತ್ತಾ ಹೊತ್ತು ಹೋದದ್ದು ತಿಳಿಯದಿದ್ದರೆ, ಆ ಎರಡು ಪುಟವನ್ನೇ ಬಯೋಡೇಟಾ ಜೊತೆ ಕಳಿಸಿ.